ಹೊಟ್ಟೆಯ ಕಸರತ್ತು: ಯಾರಿಗೆ, ಎಷ್ಟು?

ಮೊಬೈಲ್ ನೋಡಿ ಮನೆಯಲ್ಲೇ ಪ್ಲ್ಯಾಂಕ್, ಕ್ರಂಚಸ್ ಮಾಡುವವರು ಈಗ ಹೆಚ್ಚು. ಇದರಿಂದ ಹೊಟ್ಟೆ, ಸೊಂಟ, ಬೆನ್ನಿನ ಸ್ನಾಯುಗಳು ಬಲಗೊಳ್ಳುತ್ತವೆ. ಆದರೆ ಇದೊಂದರಿಂದಲೇ ಬೊಜ್ಜು ಕರಗದು. ಮಿತ ಆಹಾರ, ನಡಿಗೆ ಬೇಕು.

ಆರಂಭದಲ್ಲಿ ಪ್ಲ್ಯಾಂಕ್ 10ರಿಂದ 20 ಸೆಕೆಂಡ್ ಸಾಕು. ಸೊಂಟ ಜೋತುಬಿದ್ದರೆ ನಿಲ್ಲಿಸಿ. ಉಸಿರು ಬಿಗಿಹಿಡಿಯಬೇಡಿ, ರಕ್ತದೊತ್ತಡ ಏರುತ್ತದೆ. ಹೊಟ್ಟೆ ತುಂಬಿದಾಗ ಮಾಡಬೇಡಿ.

ಹೆರಿಗೆಯಾದ ತಾಯಂದಿರು ವಿಶೇಷವಾಗಿ ಗಮನಿಸಿ. ಗರ್ಭಾವಸ್ಥೆಯಲ್ಲಿ ಹೊಟ್ಟೆಯ ನಡುವಿನ ಸ್ನಾಯುಗಳು ಪರಸ್ಪರ ದೂರ ಸರಿಯುತ್ತವೆ. ಅಂಗಾತ ಮಲಗಿ ತಲೆ ಎತ್ತಿದಾಗ ಹೊಕ್ಕುಳ ಬಳಿ ಉಬ್ಬು ಕಂಡರೆ ಕ್ರಂಚಸ್ ಬೇಡ. ಮೊದಲು ವೈದ್ಯರಿಗೆ ತೋರಿಸಿ. ಹರ್ನಿಯಾ ಇರುವವರಿಗೂ, ಬೆನ್ನುನೋವು ಕಾಲಿಗೆ ಇಳಿಯುವವರಿಗೂ ಇದೇ ಸಲಹೆ.

ಯುನಾನಿಯಲ್ಲಿ ವ್ಯಾಯಾಮಕ್ಕೆ ರಿಯಾಝತ್ ಎನ್ನುತ್ತೇವೆ. ವಯಸ್ಸು, ಶಕ್ತಿ, ಮಿಝಾಜ್ ನೋಡಿ ಅದರ ಪ್ರಮಾಣ ನಿರ್ಧರಿಸಬೇಕು. ಮಗ ಮಾಡುವಷ್ಟನ್ನೇ ತಾಯಿಯೂ ಮಾಡಬೇಕಿಲ್ಲ.