ಖಜಾನೆಯಿಂದ ಹೊರಡುವ ಕಿರೀಟ

ವರ್ಷದ ಬಹುಪಾಲು ದಿನ ಮಂಡ್ಯದ ಜಿಲ್ಲಾ ಖಜಾನೆಯಲ್ಲಿರುವ ವೈರಮುಡಿ, ಫಾಲ್ಗುಣದ ಬ್ರಹ್ಮೋತ್ಸವದ ಹೊತ್ತಿಗೆ ಪೊಲೀಸ್ ಕಾವಲಿನಲ್ಲಿ ಮೇಲುಕೋಟೆಗೆ ಹೊರಡುತ್ತದೆ. ಲೆಕ್ಕ ನೋಡಿ ಪೆಟ್ಟಿಗೆ ಒಪ್ಪಿಸುವುದು ಸರ್ಕಾರಿ ಕೆಲಸ. ಆದರೆ ದಾರಿಯ ಊರುಗಳಿಗೆ ಅದು ಹಬ್ಬ: ರಂಗೋಲಿ ಹಾಕಿ, ವಾಹನ ತಡೆದು ಪೂಜೆ ಮಾಡಿಯೇ ಮುಂದಕ್ಕೆ ಬಿಡುತ್ತಾರೆ.

ಈ ವಜ್ರಖಚಿತ ಕಿರೀಟಕ್ಕೆ ಬಿಸಿಲು ತಾಗಬಾರದೆಂಬುದು ಸಂಪ್ರದಾಯ. ಹಾಗಾಗಿ ಉತ್ಸವ ರಾತ್ರಿಯದು. ಮುಡಿ ತೊಡಿಸುವ ಪ್ರಧಾನ ಅರ್ಚಕರು ಕಣ್ಣಿಗೆ ಬಟ್ಟೆ ಕಟ್ಟಿಕೊಳ್ಳುತ್ತಾರೆ; ಬೆರಳ ಅಂದಾಜಿನಲ್ಲೇ ಅದು ಚೆಲುವನಾರಾಯಣನ ಉತ್ಸವಮೂರ್ತಿಯ ಶಿರವೇರಬೇಕು. ಶ್ರೀದೇವಿ, ಭೂದೇವಿಯರೊಡನೆ ಗರುಡವಾಹನದಲ್ಲಿ ಸ್ವಾಮಿ ಬೀದಿಗೆ ಬಂದಾಗ ಜನಸಾಗರ 'ಗೋವಿಂದಾ' ಎಂದು ಕೂಗುತ್ತದೆ.

ವಾಹನ ಗರುಡನದೇ ಆಗಿರುವುದಕ್ಕೂ ಕಥೆಯಿದೆ. ಅಸುರ ವಿರೋಚನ ಕದ್ದೊಯ್ದ ಕಿರೀಟವನ್ನು ಗರುಡನೇ ಮರಳಿ ತಂದನಂತೆ.

ಪುರಾಣ ಹಾಗಿರಲಿ, ಚರಿತ್ರೆಯೂ ಇಲ್ಲಿ ತಲೆಯ ಮೇಲೆಯೇ ಕೂತಿದೆ. ಮೈಸೂರಿನ ರಾಜ ಒಡೆಯರು (1578–1617) ಅರ್ಪಿಸಿದ್ದು ರಾಜಮುಡಿ. ಮುಮ್ಮಡಿ ಕೃಷ್ಣರಾಜ ಒಡೆಯರು ಕೊಟ್ಟದ್ದು ಕೃಷ್ಣರಾಜಮುಡಿ. ವೈರಮುಡಿ ಇಳಿಸಿದ ಮೇಲೆ ರಾಜಮುಡಿಯ ಸರದಿ. ಅಷ್ಟರಲ್ಲಿ ಮಧ್ಯರಾತ್ರಿ ಕಳೆದಿರುತ್ತದೆ. ಉತ್ಸವ ಮುಗಿದ ಮೇಲೆ ಪೆಟ್ಟಿಗೆಗಳು ಮತ್ತೆ ಮಂಡ್ಯದ ಖಜಾನೆ ಸೇರುತ್ತವೆ.