ಅಭಿನಂದನೆಯೂ ಜಾಹೀರಾತೇ: ಕ್ರೀಡಾಪಟುವಿನ ಚಿತ್ರ ಮತ್ತು ಒಪ್ಪಿಗೆಯ ಕಾನೂನು

ಕ್ರೀಡಾಪಟುವಿನ ಹೆಸರು, ಭಾವಚಿತ್ರ, ಧ್ವನಿ, ಸಹಿ ಅಥವಾ ಕಂಡ ಕೂಡಲೇ ಅವರೇ ಎಂದು ಗುರುತು ಹಿಡಿಯಬಹುದಾದ ಯಾವುದೇ ಲಕ್ಷಣವನ್ನು ಸರಕಿನ ಮಾರಾಟಕ್ಕೆ ಬಳಸಿಕೊಳ್ಳಬೇಕಾದರೆ ಅವರ ಒಪ್ಪಿಗೆ ಬೇಕು ಎಂಬುದು ಇಂದು ಭಾರತದ ನ್ಯಾಯಾಲಯಗಳು ಬಹುಮಟ್ಟಿಗೆ ಮಾನ್ಯ ಮಾಡಿರುವ ತತ್ವ. ಆದರೆ ಅದನ್ನು ನೇರವಾಗಿ ವಿಧಿಸುವ ಪ್ರತ್ಯೇಕ ಕಾಯಿದೆ ದೇಶದಲ್ಲಿ ಇಲ್ಲ. ಸಂವಿಧಾನದ 21ನೇ ವಿಧಿ, 1957ರ ಕೃತಿಸ್ವಾಮ್ಯ ಕಾಯಿದೆ, 1999ರ ಟ್ರೇಡ್ ಮಾರ್ಕ್ ಕಾಯಿದೆ, ಜಾಹೀರಾತು ಉದ್ಯಮ ತನಗೆ ತಾನೇ ಹಾಕಿಕೊಂಡ ಸಂಹಿತೆ, ಇವುಗಳ ಜೊತೆಗೆ ಕಳೆದ ಮೂರು ದಶಕಗಳ ಕೆಲವು ತೀರ್ಪುಗಳು ಸೇರಿ ಈ ಹಕ್ಕು ರೂಪುಗೊಂಡಿದೆ. ಹೀಗೆ ಹಲವೆಡೆ ಚದುರಿಹೋಗಿರುವುದರಿಂದಲೇ ಪದಕ ಬಂದ ಮರುಗಳಿಗೆಯಲ್ಲಿ ಆಟಗಾರರ ಚಿತ್ರದ ಪಕ್ಕದಲ್ಲಿ ತಮ್ಮ ಲಾಂಛನ ಅಂಟಿಸಿ ಹಂಚುವ ಕಂಪನಿಗಳಿಗೆ ತಾವು ತಪ್ಪು ಮಾಡುತ್ತಿದ್ದೇವೆ ಎಂಬ ಅಳುಕು ಹುಟ್ಟುವುದಿಲ್ಲ.

ಈ ವಿಷಯದಲ್ಲಿ ಅತಿ ಸಾಮಾನ್ಯವಾದ ತಪ್ಪು ತಿಳಿವಳಿಕೆಯೆಂದರೆ, ಛಾಯಾಚಿತ್ರವನ್ನು ಹಣ ಕೊಟ್ಟು ಪಡೆದ ಮೇಲೆ ಅದರಲ್ಲಿರುವ ವ್ಯಕ್ತಿಯನ್ನು ಕೇಳುವ ಅಗತ್ಯವಿಲ್ಲ ಎಂಬುದು. ಕೃತಿಸ್ವಾಮ್ಯ, ಅಂದರೆ ಒಂದು ಕೃತಿಯನ್ನು ನಕಲು ಮಾಡುವ ಮತ್ತು ಪ್ರಕಟಿಸುವ ಹಕ್ಕು, ಸಾಮಾನ್ಯವಾಗಿ ಛಾಯಾಗ್ರಾಹಕರಿಗೆ ಸೇರಿರುತ್ತದೆ. ಅವರು ಪತ್ರಿಕೆಯ ನೌಕರರಾಗಿದ್ದರೆ ಪತ್ರಿಕೆಗೆ, ಹಣ ಕೊಟ್ಟು ಯಾರಾದರೂ ತೆಗೆಸಿದ್ದರೆ ತೆಗೆಸಿದವರಿಗೆ ಸೇರಬಹುದು. ಚಿತ್ರದಲ್ಲಿರುವ ಕ್ರೀಡಾಪಟುವಿಗೆ ಇರುವುದು ಇದಕ್ಕಿಂತ ಬೇರೆಯಾದ ಹಕ್ಕು. ತನ್ನ ಗುರುತನ್ನು ವ್ಯಾಪಾರಕ್ಕೆ ಯಾರು, ಹೇಗೆ ಬಳಸಬೇಕೆಂದು ತಾನೇ ನಿರ್ಧರಿಸುವ ಈ ಹಕ್ಕನ್ನು ವ್ಯಕ್ತಿತ್ವದ ಹಕ್ಕು ಅಥವಾ ಪ್ರಚಾರದ ಹಕ್ಕು ಎಂದು ಕರೆಯಲಾಗುತ್ತದೆ. ಆದ್ದರಿಂದ ಜಾಹೀರಾತಿಗೆ ಬೇಕಾದ ಅನುಮತಿಗಳು ಎರಡು, ಒಂದು ಮತ್ತೊಂದಕ್ಕೆ ಬದಲಿಯಾಗಲಾರದು. ಅಮಿತಾಭ್ ಮತ್ತು ಜಯಾ ಬಚ್ಚನ್ ಅವರಿದ್ದ ತನಿಷ್ಕ್ ಜಾಹೀರಾತನ್ನು ಹೋಲುವ ಫಲಕವನ್ನು ಆಭರಣದಂಗಡಿಯೊಂದು ಹಾಕಿಕೊಂಡಾಗ ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಟೈಟನ್ ಸಂಸ್ಥೆ ಹೂಡಿದ ದಾವೆಯಲ್ಲಿ ದೆಹಲಿ ಹೈಕೋರ್ಟ್ 2012ರಲ್ಲಿ ಈ ಎರಡೂ ಹಕ್ಕುಗಳ ಉಲ್ಲಂಘನೆಯನ್ನು ಪ್ರತ್ಯೇಕವಾಗಿಯೇ ಗುರುತಿಸಿತು.

ಈ ಹಕ್ಕು ಕಾನೂನಿನ ಕಣ್ಣಿಗೆ ಬೀಳಲು ಬಹಳ ಕಾಲ ಹಿಡಿಯಿತು. ಇಂಗ್ಲೆಂಡಿನಲ್ಲಿ ಹವ್ಯಾಸಿ ಗಾಲ್ಫ್ ಆಟಗಾರ ಸಿರಿಲ್ ಟಾಲಿ ಅವರ ವ್ಯಂಗ್ಯಚಿತ್ರವನ್ನು, ಜೇಬಿನಲ್ಲಿ ಚಾಕೊಲೇಟ್ ಇಣುಕುವಂತೆ ಬರೆಸಿ, ಫ್ರೈ ಕಂಪನಿ ಜಾಹೀರಾತಿಗೆ ಬಳಸಿದಾಗ ಅವರು ಮಾನನಷ್ಟದ ಮೊಕದ್ದಮೆಯನ್ನೇ ಹೂಡಬೇಕಾಯಿತು. ಹಣಕ್ಕಾಗಿ ಆಡದವನು ಹಣಕ್ಕಾಗಿ ತನ್ನ ಹೆಸರು ಮಾರಿಕೊಂಡನೆಂದು ಜನ ಭಾವಿಸುತ್ತಾರೆ ಎಂಬ ವಾದವನ್ನು ಹೌಸ್ ಆಫ್ ಲಾರ್ಡ್ಸ್ 1931ರಲ್ಲಿ ಒಪ್ಪಿತು. ಹಣ ಪಡೆದು ಆಡುವ ವೃತ್ತಿಪರನಿಗೆ ಈ ವಾದ ಉಪಯೋಗಕ್ಕೆ ಬರುವಂತಿರಲಿಲ್ಲ. ವೃತ್ತಿಪರರ ದಾರಿ ತೆರೆದದ್ದು 1953ರಲ್ಲಿ ಅಮೆರಿಕದಲ್ಲಿ. ಬೇಸ್‌ಬಾಲ್ ಆಟಗಾರರ ಚಿತ್ರಗಳನ್ನು ಚೂಯಿಂಗ್ ಗಮ್ ಜೊತೆ ಮಾರುತ್ತಿದ್ದ ಹೇಲನ್ ಮತ್ತು ಟಾಪ್ಸ್ ಎಂಬ ಎರಡು ಕಂಪನಿಗಳ ಜಗಳದಲ್ಲಿ ನ್ಯಾಯಮೂರ್ತಿ ಜೆರೋಮ್ ಫ್ರಾಂಕ್, ಖಾಸಗಿತನದ ಹಕ್ಕಿನ ಜೊತೆಗೆ ತನ್ನ ಚಿತ್ರದ ವಾಣಿಜ್ಯ ಮೌಲ್ಯದ ಮೇಲೂ ವ್ಯಕ್ತಿಗೆ ಹಕ್ಕಿದೆ, ಅದನ್ನು ಆತ ಒಂದೇ ಕಂಪನಿಗೆ ಮೀಸಲಾಗಿ ಕೊಡಬಹುದು ಎಂದು ಸ್ಪಷ್ಟಪಡಿಸಿದರು. ಬ್ರಿಟನ್ ಈ ಮಾತನ್ನು ಇಂದಿಗೂ ಪೂರ್ಣವಾಗಿ ಒಪ್ಪಿಲ್ಲ. ಅಲ್ಲಿ ಕಾರ್ ರೇಸ್ ಚಾಲಕ ಎಡ್ಡಿ ಅರ್ವಿನ್ ಕೈಯಲ್ಲಿದ್ದ ಮೊಬೈಲನ್ನು ತಿದ್ದಿ ರೇಡಿಯೊ ಮಾಡಿದ ವಾಹಿನಿಯೊಂದು ಸೋತದ್ದು, ಅವರು ಆ ವಾಹಿನಿಯನ್ನು ಅನುಮೋದಿಸಿದ್ದಾರೆಂಬ ಸುಳ್ಳು ಭಾವನೆಯನ್ನು ಜನರಲ್ಲಿ ಹುಟ್ಟಿಸಿದ ಕಾರಣಕ್ಕೆ. ಮೊದಲು ಸಿಕ್ಕ ಎರಡು ಸಾವಿರ ಪೌಂಡ್ ಪರಿಹಾರವನ್ನು ಮೇಲ್ಮನವಿ ನ್ಯಾಯಾಲಯ 2003ರಲ್ಲಿ ಇಪ್ಪತ್ತೈದು ಸಾವಿರಕ್ಕೆ ಏರಿಸಿತು; ಒಪ್ಪಿಗೆ ಕೇಳಿದ್ದರೆ ಅವರು ಕನಿಷ್ಠ ಎಷ್ಟು ಸಂಭಾವನೆ ಬೇಡುತ್ತಿದ್ದರೋ ಅದೇ ಪರಿಹಾರದ ಅಳತೆಗೋಲು ಎಂಬುದು ಅಲ್ಲಿನ ತರ್ಕ.

ಭಾರತದಲ್ಲಿ ಮೊದಲಿಗೆ ನೆನಪಾಗುವ ಕ್ರೀಡಾಪಟು ಸೌರವ್ ಗಂಗೂಲಿ. 1996ರ ಇಂಗ್ಲೆಂಡ್ ಪ್ರವಾಸದಲ್ಲಿ ಲಾರ್ಡ್ಸ್ ಮೈದಾನದಲ್ಲಿ ಚೊಚ್ಚಲ ಟೆಸ್ಟ್ ಶತಕ ಬಾರಿಸಿ ಹಿಂದಿರುಗಿದ ಅವರಿಗೆ, ತಾವು ಉದ್ಯೋಗಿಯಾಗಿದ್ದ ಟಾಟಾ ಟೀ ಸಂಸ್ಥೆಯೇ ತಮ್ಮನ್ನು ಅಭಿನಂದಿಸುವ ಅವಕಾಶವನ್ನು ಚಹಾ ಪೊಟ್ಟಣದೊಂದಿಗೆ ಗ್ರಾಹಕರಿಗೆ ನೀಡುತ್ತಿರುವುದು ಕಂಡಿತು. ವಿಷಯ ಕಲ್ಕತ್ತಾ ಹೈಕೋರ್ಟಿಗೆ ಹೋಗಿ ಮುಂದೆ ರಾಜಿಯಲ್ಲಿ ಮುಗಿಯಿತಾದರೂ, ಕೀರ್ತಿಯು ಅದನ್ನು ಗಳಿಸಿದವನ ಸ್ವತ್ತು ಎಂಬ ನಿಲುವಿಗೆ ಈ ಪ್ರಕರಣ ಇಂದಿಗೂ ಆಧಾರವಾಗಿದೆ. ಉದ್ಯೋಗ ಕೊಟ್ಟವರಿಗೂ ಉದ್ಯೋಗಿಯ ಹೆಸರನ್ನು ಮಾರುವ ಹಕ್ಕು ತಾನಾಗಿ ಬರುವುದಿಲ್ಲ ಎಂಬ ಅಂಶ, ಬ್ಯಾಂಕು, ರೈಲ್ವೆ ಮತ್ತು ಸಾರ್ವಜನಿಕ ಉದ್ದಿಮೆಗಳಲ್ಲಿ ಕ್ರೀಡಾ ಕೋಟಾದಡಿ ನೌಕರಿಗೆ ಸೇರಿದ ಎಲ್ಲ ಆಟಗಾರರಿಗೂ ಮುಖ್ಯವಾದದ್ದು.

ಈ ಹಕ್ಕಿನ ಸಾಂವಿಧಾನಿಕ ಬುನಾದಿ ಬಂದದ್ದು ಮಾತ್ರ ಕ್ರೀಡೆಗೆ ಸಂಬಂಧವೇ ಇಲ್ಲದ ಕಡೆಯಿಂದ. ತಮಿಳುನಾಡಿನಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಆಟೋ ಶಂಕರ್ ಎಂಬ ಕೈದಿಯ ಆತ್ಮಕಥೆಯ ಪ್ರಕಟಣೆಯನ್ನು ಕುರಿತ ಆರ್. ರಾಜಗೋಪಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1994ರಲ್ಲಿ, ವ್ಯಕ್ತಿಯ ಹೆಸರನ್ನಾಗಲಿ ರೂಪವನ್ನಾಗಲಿ ಒಪ್ಪಿಗೆಯಿಲ್ಲದೆ ಜಾಹೀರಾತಿಗೆ ಬಳಸುವುದು ಖಾಸಗಿತನದ ಭಂಗವೆಂದು ಉದಾಹರಣೆಯಾಗಿ ಹೇಳಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದಾಗ, ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ತಮ್ಮ ಪ್ರತ್ಯೇಕ ಅಭಿಪ್ರಾಯದಲ್ಲಿ ತನ್ನ ಗುರುತಿನ ವಾಣಿಜ್ಯ ಬಳಕೆಯನ್ನು ನಿಯಂತ್ರಿಸುವ ಅಧಿಕಾರವನ್ನೂ ಅದರೊಳಗೆ ಸೇರಿಸಿದರು. ಇಲ್ಲೊಂದು ಮಹತ್ವದ ಭೇದವಿದೆ. ಅಮೆರಿಕದ ಹಕ್ಕು ಕೀರ್ತಿಯ ಬೆಲೆಯಿಂದ ಹುಟ್ಟಿದರೆ, ಭಾರತದ ಹಕ್ಕು ವ್ಯಕ್ತಿಯ ಘನತೆಯಿಂದ ಹುಟ್ಟಿದೆ. ಆದರೂ ನಮ್ಮ ಹೈಕೋರ್ಟುಗಳು ಪರಿಹಾರ ಕೊಡುವಾಗ ಅರ್ಜಿದಾರರು ಎಷ್ಟು ಪ್ರಸಿದ್ಧರು ಎಂಬುದನ್ನೇ ಮೊದಲು ಅಳೆಯುತ್ತಿರುವುದು ಆ ಮೂಲಕ್ಕೆ ಹೊಂದುವ ನಡೆಯಲ್ಲ.

ಅಭಿನಂದನೆಯ ಸೋಗಿನಲ್ಲಿ ಬರುವ ಪ್ರಚಾರ ಇಂದಿನ ದೊಡ್ಡ ಸಮಸ್ಯೆ. 2021ರ ಆಗಸ್ಟ್‌ನಲ್ಲಿ ಟೋಕಿಯೊದಲ್ಲಿ ಪಿ.ವಿ. ಸಿಂಧು ಕಂಚು ಗೆದ್ದಾಗ, 2024ರಲ್ಲಿ ಪ್ಯಾರಿಸ್‌ನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದಾಗ, ಅವರೊಂದಿಗೆ ಯಾವ ಒಪ್ಪಂದವೂ ಇಲ್ಲದ ಹಲವು ಬ್ರ್ಯಾಂಡುಗಳು ಅವರ ಚಿತ್ರದೊಂದಿಗೆ ಶುಭಾಶಯ ಹಂಚಿದವು. ಎರಡೂ ಸಂದರ್ಭಗಳಲ್ಲಿ ಆಟಗಾರ್ತಿಯರ ವ್ಯವಹಾರ ನೋಡಿಕೊಳ್ಳುವ ಸಂಸ್ಥೆಗಳು ಕಾನೂನು ನೋಟಿಸ್ ಕಳಿಸಿದವು. ದೇಶಕ್ಕೆ ಪದಕ ತಂದವರನ್ನು ಹೊಗಳಿದರೆ ತಪ್ಪೇನು ಎಂಬ ಪ್ರಶ್ನೆಗೆ ಅಮೆರಿಕದ ಒಂದು ತೀರ್ಪು ಉತ್ತರ ಕೊಡುತ್ತದೆ. 2009ರಲ್ಲಿ ಮೈಕೆಲ್ ಜೋರ್ಡನ್ ಬಾಸ್ಕೆಟ್‌ಬಾಲಿನ ಗೌರವ ಮಂದಿರಕ್ಕೆ ಸೇರಿದಾಗ ಜ್ಯೂಯೆಲ್ ಎಂಬ ದಿನಸಿ ಮಳಿಗೆಗಳ ಸಂಸ್ಥೆ ನಿಯತಕಾಲಿಕವೊಂದರಲ್ಲಿ ಒಂದು ಪುಟದ ಅಭಿನಂದನೆ ಪ್ರಕಟಿಸಿತು. ಅದರಲ್ಲಿ ಜೋರ್ಡನ್ ಭಾವಚಿತ್ರವಿರಲಿಲ್ಲ, ಮಾರಾಟದ ಸರಕಿನ ಮಾತೂ ಇರಲಿಲ್ಲ. 23ರ ಸಂಖ್ಯೆ ಹೊತ್ತ ಶೂ ಜೋಡಿ ಇತ್ತು, ಮಳಿಗೆಯ ಲಾಂಛನ ಮತ್ತು ಘೋಷವಾಕ್ಯ ಎದ್ದು ಕಾಣುತ್ತಿದ್ದವು. ಅಷ್ಟರಿಂದಲೇ ಅದು ವಾಣಿಜ್ಯ ಸ್ವರೂಪದ ಅಭಿವ್ಯಕ್ತಿ ಎಂದು ಮೇಲ್ಮನವಿ ನ್ಯಾಯಾಲಯ 2014ರಲ್ಲಿ ಹೇಳಿತು. ಅದೇ ಸಂದರ್ಭಕ್ಕೆ ಮಾಂಸದ ರಿಯಾಯಿತಿ ಕೂಪನ್ ಸಹಿತ ಅಭಿನಂದನೆ ಹಾಕಿದ್ದ ಡೊಮಿನಿಕ್ಸ್ ಮಳಿಗೆಯ ಪ್ರಕರಣದಲ್ಲಿ ಜೂರಿ 2015ರಲ್ಲಿ 89 ಲಕ್ಷ ಡಾಲರ್ ಪರಿಹಾರ ವಿಧಿಸಿತು.

ಭಾರತದ ಜಾಹೀರಾತು ಮಾನಕ ಮಂಡಳಿಯ ಸಂಹಿತೆಯೂ, ವ್ಯಕ್ತಿಯ ಅನುಮತಿಯಿಲ್ಲದೆ ಆತನನ್ನು ಪ್ರಸ್ತಾಪಿಸಿ ಸರಕಿಗೆ ಸಲ್ಲದ ಲಾಭ ಮಾಡಿಕೊಡುವ ಜಾಹೀರಾತನ್ನು ನಿಷೇಧಿಸುತ್ತದೆ. ಮಂಡಳಿ ಸ್ವಯಂ ನಿಯಂತ್ರಣದ ಸಂಸ್ಥೆಯಾದ್ದರಿಂದ ಪರಿಹಾರ ಕೊಡಿಸಲಾರದು, ಆದರೆ ಯಾವುದು ನ್ಯಾಯವೆಂಬುದನ್ನು ಉದ್ಯಮವೇ ಒಪ್ಪಿಕೊಂಡಿರುವುದಕ್ಕೆ ಅದು ಸಾಕ್ಷಿ. ಒಲಿಂಪಿಕ್ ಸನ್ನದಿನ 40ನೇ ನಿಯಮ ಕೂಟ ನಡೆಯುವ ಅವಧಿಯಲ್ಲಿ ಕ್ರೀಡಾಪಟುಗಳು ಸ್ವತಃ ಒಪ್ಪಿ ಕೊಡುವ ಜಾಹೀರಾತಿಗೂ ಕಟ್ಟುಪಾಡು ಹಾಕಿತ್ತು. ಜರ್ಮನಿಯ ಸ್ಪರ್ಧಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಆಕ್ಷೇಪಿಸಿದ ಮೇಲೆ ಅದು ಸಡಿಲಗೊಂಡಿತು. ತನ್ನದೇ ಮುಖವನ್ನು ತನ್ನ ಪ್ರಾಯೋಜಕನಿಗೆ ಕೊಡಲು ಆಟಗಾರ ನಿಯಮಗಳೊಡನೆ ಸೆಣಸುತ್ತಿರುವಾಗ ಹೊರಗಿನ ಕಂಪನಿಯೊಂದು ಅದನ್ನು ಬಿಟ್ಟಿಯಾಗಿ ಎತ್ತಿಕೊಳ್ಳುವುದು ನೇರ ಅನ್ಯಾಯ.

ಈ ಹಕ್ಕಿಗೆ ಮಿತಿಯೂ ಇದೆ, ಇರಬೇಕಾದದ್ದೂ ಸರಿ. ಸುದ್ದಿ, ವಿಮರ್ಶೆ, ವಿಡಂಬನೆ, ಅಧ್ಯಯನ ಇವುಗಳಿಗೆ ಅನುಮತಿ ಬೇಡ. ಮೊಹಮ್ಮದ್ ಸಿರಾಜ್, ಅರ್ಷದೀಪ್ ಸಿಂಗ್ ಮೊದಲಾದ ಕ್ರಿಕೆಟಿಗರು ಡಿಜಿಟಲ್ ಆಟಗಾರ-ಕಾರ್ಡುಗಳ ವಿಷಯದಲ್ಲಿ ವಾದಿಗಳಾಗಿದ್ದ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2023ರ ಏಪ್ರಿಲ್‌ನಲ್ಲಿ, ಎಲ್ಲರಿಗೂ ಲಭ್ಯವಿರುವ ಹೆಸರು ಮತ್ತು ಅಂಕಿಅಂಶಗಳನ್ನು ಕಲಾತ್ಮಕ ಚಿತ್ರಗಳೊಂದಿಗೆ ಫ್ಯಾಂಟಸಿ ಆಟದಲ್ಲಿ ಬಳಸುವುದಕ್ಕೆ ಮಧ್ಯಂತರ ತಡೆ ನೀಡಲು ನಿರಾಕರಿಸಿ, ಪ್ರಚಾರದ ಹಕ್ಕನ್ನು ಅಭಿವ್ಯಕ್ತಿ ಸ್ವಾತಂತ್ರ್ಯದೊಂದಿಗೆ ತೂಗಿ ನೋಡಬೇಕೆಂದಿತು. ಹಣ ಗಳಿಸುವ ಆಟದ ವೇದಿಕೆಗೂ ಪತ್ರಿಕೆಯ ವರದಿಗೂ ಒಂದೇ ಬಗೆಯ ರಕ್ಷಣೆ ಸಲ್ಲುತ್ತದೆಯೇ ಎಂಬುದು ಮಾತ್ರ ಇನ್ನೂ ಚರ್ಚೆಯಾಗಬೇಕಾದ ವಿಷಯ.

ಈ ಮಿತಿಗಳ ಆಚೆ, ಜಾಹೀರಾತಿಗಾಗಿ ಕ್ರೀಡಾಪಟುವಿನಿಂದ ಪಡೆಯುವ ಲಿಖಿತ ಅನುಮತಿಯಲ್ಲಿ ಯಾವ ಸರಕು, ಯಾವ ಮಾಧ್ಯಮ, ಯಾವ ಪ್ರದೇಶ, ಎಷ್ಟು ಅವಧಿ ಎಂಬುದು ಸ್ಪಷ್ಟವಾಗಿರಬೇಕು. ಚಿತ್ರವನ್ನು ತಿದ್ದಬಹುದೇ, ಕೃತಕ ಬುದ್ಧಿಮತ್ತೆಯಿಂದ ಹೊಸ ದೃಶ್ಯ ಅಥವಾ ಧ್ವನಿ ಸೃಷ್ಟಿಸಬಹುದೇ ಎಂಬುದೂ ಈಗ ಬರೆದಿರಲೇಬೇಕಾದ ಷರತ್ತು. ಗೇಮಿಂಗ್ ಆ್ಯಪ್ ಒಂದನ್ನು ತಾವು ಹೊಗಳುತ್ತಿರುವಂತೆ ಸೃಷ್ಟಿಸಲಾದ ವಿಡಿಯೊ ನಕಲಿ ಎಂದು 2024ರ ಜನವರಿಯಲ್ಲಿ ಸಚಿನ್ ತೆಂಡೂಲ್ಕರ್ ಅವರೇ ಸಾರ್ವಜನಿಕವಾಗಿ ಹೇಳಬೇಕಾಯಿತು. ಒಪ್ಪಿಗೆ ಕೊಡುವ ಕ್ರೀಡಾಪಟುವಿಗೂ ಹೊಣೆಯುಂಟು: 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ದಾರಿ ತಪ್ಪಿಸುವ ಜಾಹೀರಾತನ್ನು ಅನುಮೋದಿಸಿದವರಿಗೆ ಹತ್ತು ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ ಐವತ್ತು ಲಕ್ಷದವರೆಗೆ ದಂಡ ವಿಧಿಸಬಹುದು.

ಮ್ಯಾನೇಜರ್ ಮತ್ತು ವಕೀಲರನ್ನು ಇಟ್ಟುಕೊಳ್ಳಬಲ್ಲವರ ಚಿತ್ರ ಹೇಗೋ ರಕ್ಷಣೆ ಪಡೆಯುತ್ತದೆ. ರಾಜ್ಯಮಟ್ಟದ ಕಬಡ್ಡಿ ಆಟಗಾರ್ತಿಯ ಅಥವಾ ಜಿಲ್ಲಾ ಕ್ರೀಡಾಕೂಟದಲ್ಲಿ ಓಡಿದ ಬಾಲಕನ ಫೋಟೊವನ್ನು ಸ್ಥಳೀಯ ಜಿಮ್, ಅಂಗಡಿ ಅಥವಾ ತರಬೇತಿ ಕೇಂದ್ರ ಫ್ಲೆಕ್ಸಿನಲ್ಲಿ ಹಾಕಿಕೊಂಡಾಗ ಕೇಳುವವರಿಲ್ಲ. ರಾಜಗೋಪಾಲ್ ಪ್ರಕರಣದ ತತ್ವ ಅವರಿಗೂ ಅಷ್ಟೇ ಪೂರ್ಣವಾಗಿ ಅನ್ವಯಿಸುತ್ತದೆ, ಏಕೆಂದರೆ ಅಲ್ಲಿ ನ್ಯಾಯಾಲಯ ಮಾತಾಡಿದ್ದು ತಾರೆಯರ ಬಗ್ಗೆ ಅಲ್ಲ, ವ್ಯಕ್ತಿಯ ಬಗ್ಗೆ. ಹದಿನೆಂಟು ತುಂಬದವರ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. 1872ರ ಭಾರತೀಯ ಕರಾರು ಕಾಯಿದೆಯ ಪ್ರಕಾರ ಅಪ್ರಾಪ್ತರಿಗೆ ಕರಾರು ಮಾಡಿಕೊಳ್ಳುವ ಅರ್ಹತೆಯೇ ಇಲ್ಲದಿರುವುದರಿಂದ, ತರಬೇತಿ ಕೇಂದ್ರಕ್ಕೆ ಸೇರುವ ದಿನ ಅರ್ಜಿಯ ಕೊನೆಯ ಸಾಲಿನ ಕೆಳಗೆ ಮಗು ಹಾಕಿದ ಸಹಿ ಒಪ್ಪಿಗೆಯಾಗುವುದಿಲ್ಲ. ತಂದೆ ತಾಯಿ ಅಥವಾ ಪೋಷಕರಿಗೆ ಬಳಕೆಯ ಉದ್ದೇಶವನ್ನು ವಿವರಿಸಿ, ಶುಲ್ಕದ ಅರ್ಜಿಯಿಂದ ಬೇರೆಯಾದ ಹಾಳೆಯಲ್ಲಿ ಅವರಿಂದ ಬರೆಸಿಕೊಳ್ಳುವುದೇ ಸರಿಯಾದ ಕ್ರಮ.