ನೀರಿನ ಗುರುತು ಹೇಳುವ ನೀಲಿ ಹೂ

ಸೋಣ ತಿಂಗಳಲ್ಲಿ ಪುತ್ತೂರು, ಸುಳ್ಯ, ಕಡಬದ ಕಡೆ ಉಳಿದಿರುವ ಮಜಲು ಗದ್ದೆಗಳನ್ನು, ಮುರಕಲ್ಲಿನ ಪದವುಗಳನ್ನು ಒಮ್ಮೆ ಬಗ್ಗಿ ನೋಡಿ. ಒಸರು ನೀರು ನಿಂತಲ್ಲಿ, ಹುಲ್ಲಿನ ನಡುವೆ ಕಡುನೀಲಿ ಹೂವು ಕಾಣಬಹುದು. ಗಡಿಯಾಚೆ ಮಲೆಯಾಳದವರು ಇದಕ್ಕೆ ಕಾಕ್ಕಪ್ಪೂವು ಎನ್ನುತ್ತಾರೆ, ಓಣಂ ಪೂಕಳಕ್ಕೆ ಹಾಕುತ್ತಾರೆ. ನಮ್ಮಲ್ಲಿ ಹೆಚ್ಚಿನವರಿಗೆ ಅದು ಬರೀ ಕಳೆ. ಶಾಸ್ತ್ರೀಯ ಹೆಸರು ಯುಟ್ರಿಕ್ಯುಲೇರಿಯಾ ರೆಟಿಕ್ಯುಲೇಟಾ. ದಕ್ಷಿಣ ಭಾರತ, ಶ್ರೀಲಂಕಾಗಳ ಸ್ವಂತ ಗಿಡ ಇದು.

ಗುರುತು ಹೇಗೆ?

ದಂಟು ನೂಲಿನಷ್ಟು ಸಪೂರ. ಹುಲ್ಲಿಗೋ ಭತ್ತದ ಗಿಡಕ್ಕೋ ಸುತ್ತಿಕೊಂಡು ಮೇಲೇರುತ್ತದೆ. ಹೂವಿಗೆ ಎರಡು ತುಟಿ, ಮೇಲಿನದು ಚಿಕ್ಕದು, ಕೆಳಗಿನದು ಅಗಲ. ಕೆಳತುಟಿಯ ಬುಡದಲ್ಲಿ ಬಿಳಿ ಮಚ್ಚೆ, ಅದರಲ್ಲಿ ಗೆರೆಗಳ ಬಲೆ. ಹೂವಿನ ಹಿಂದೆ ಕೆಳಮುಖವಾಗಿ ಒಂದು ಕೊಕ್ಕು. ಗದ್ದೆಯಲ್ಲಿ ನೀಲಿ ಹೂ ಬಿಡುವ ಬೇರೆ ಗಿಡಗಳೂ ಉಂಟು. ಹೂದಂಟಿನಲ್ಲಿ ಅಗಲ ಎಲೆ ಇದ್ದರೆ ಅದು ಇದಲ್ಲ.

ಸಂಶಯ ಇದ್ದರೆ ಒಂದು ಗಿಡವನ್ನು ಕೆಸರಿನ ಹೆಂಟೆ ಸಮೇತ ಎತ್ತಿ, ಬೋಗುಣಿ ನೀರಿನಲ್ಲಿ ಮೆಲ್ಲ ತೊಳೆಯಿರಿ. ಬೇರೇ ಇಲ್ಲ! ಕೂದಲಿನಂಥ ಎಳೆಗಳಲ್ಲಿ ಸಣ್ಣ ಸಣ್ಣ ಚೀಲ ಮಾತ್ರ. ಭೂತಗನ್ನಡಿ ಇದ್ದರೆ ಚಂದ ಕಾಣುತ್ತದೆ. ಚೀಲದ ಬಾಗಿಲಿನ ರೋಮಕ್ಕೆ ನೀರಿನ ಸೂಕ್ಷ್ಮಜೀವಿ ತಾಗಿದರೆ ಸಾಕು, ಕಣ್ಣು ಮಿಟುಕಿಸುವುದರೊಳಗೆ ನೀರಿನ ಜೊತೆ ಒಳಗೆ. ಅದೇ ಗಿಡದ ಗೊಬ್ಬರ. ಡಾರ್ವಿನ್ 1875ರಲ್ಲೇ ಕೀಟ ತಿನ್ನುವ ಗಿಡಗಳ ಪುಸ್ತಕದಲ್ಲಿ ಈ ಕುಲದ ಬಗ್ಗೆ ಬರೆದಿದ್ದಾನೆ.

ನಮಗೇನು ಲಾಭ?

ಸಾರ ಕಡಿಮೆ, ನೀರು ಹೆಚ್ಚು ಇರುವ ಮಣ್ಣಲ್ಲಿ ಬದುಕಲು ಗಿಡ ಕಂಡುಕೊಂಡ ಉಪಾಯ ಇದು. ಹಾಗಾಗಿ ಹೂವು ನಮಗೂ ಎರಡು ಮಾತು ಹೇಳುತ್ತದೆ: ಇಲ್ಲಿ ಮಣ್ಣು ಬಡವ, ಮಳೆಗಾಲದಲ್ಲಿ ನೀರು ಇಂಗದೆ ನಿಲ್ಲುತ್ತದೆ. ಗದ್ದೆಗೆ ಅಡಿಕೆ ಇಡುವವರು ಮೊದಲು ಇದನ್ನು ಕೇಳಬೇಕು. ನೀರು ನಿಂತರೆ ಅಡಿಕೆಯ ಬೇರು ಉಳಿಯುವುದಿಲ್ಲ. ಬಸಿಗಾಲುವೆ ತೆಗೆಯಲು ತಾಕತ್ತಿಲ್ಲದಿದ್ದರೆ ಅಲ್ಲಿ ಭತ್ತವೇ ಸರಿ.

ಭತ್ತಕ್ಕೆ ಇದರಿಂದ ಹೇಳುವಂಥ ಕೇಡಿಲ್ಲ. ಕೇಡು ಅದಕ್ಕೇ. ಪದವಿನಲ್ಲಿ ಕಲ್ಲು ಕೋರೆ ಎದ್ದರೆ, ಗದ್ದೆಗೆ ಮಣ್ಣು ತುಂಬಿಸಿದರೆ ಹೂವೂ ಹೋಯಿತು, ನೀರು ನಿಲ್ಲುವ ಜಾಗವೂ ಹೋಯಿತು. ನೀರು ಒಸರುವ ಒಂದು ಮೂಲೆಯನ್ನಾದರೂ ಮದ್ದು, ಗೊಬ್ಬರ ಹಾಕದೆ ಹಾಗೇ ಬಿಡಿ. ಬರುವ ಸೋಣದಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ.